ಲೇಓವರ್ ತಾಸುಗಳು ಯಾರಪ್ಪನ ಸೊತ್ತು?

ವಿಷಯ ಸಣ್ಣದು ಅನ್ನಿಸಬಹುದು, ಆದ್ರೆ ನನ್ನ ಸಿಟ್ಟು ಸಣ್ಣದಲ್ಲ. ಅದಕ್ಕೇ ಬರೆದು ಹಗುರಾಗೋಣ ಅಂತ ಕೂತಿದ್ದೀನಿ.

“ವಿದೇಶದ ವಿಮಾನ ನಿಲ್ದಾಣದಲ್ಲಿ ಹನ್ನೆರಡು ತಾಸು ಸಿಕ್ಕರೆ ಏನು ಮಾಡಬೇಕು?” ಅಂತ ಒಂದು ಜಾತಿಯ ಬರಹಗಳು ಬರ್ತಾವಲ್ಲ, ನೀವೂ ಓದಿರ್ತೀರಿ. ಲೌಂಜಿಗೆ ಹೋಗಿ, ಮಸಾಜ್ ಮಾಡಿಸ್ಕೊಳ್ಳಿ, ತಾಸಿನ ಲೆಕ್ಕದಲ್ಲಿ ಮಲಗೋ ಗೂಡು ಬಾಡಿಗೆಗೆ ಹಿಡೀರಿ, ಡ್ಯೂಟಿ ಫ್ರೀನಲ್ಲಿ ಸೆಂಟು ಮೂಸಿ ನೋಡಿ, ಒಳ್ಳೆ ಊಟ ಮಾಡಿ. ಹತ್ತು ಸಲಹೆ ಇದ್ರೆ ಅದರಲ್ಲಿ ಒಂಬತ್ತು ಕಿಸೆಗೆ ಕೈ ಹಾಕುವಂಥವೇ. ಹತ್ತನೆಯದು “ವಿಶ್ರಾಂತಿ ಪಡೆಯಿರಿ”. ಅಷ್ಟು ನಮಗೂ ಗೊತ್ತಿಲ್ವಾ?

ಇದು ಹೊರಗಿನವರ ಸಲಹೆ. ಇನ್ನೊಂದು ಮನೆಯವರದ್ದು. ನಮ್ಮ ಕಡೆಯ ಹುಡುಗ ಮೊದಲ ಸಲ ವಿದೇಶಕ್ಕೆ ಹೊರಟಾಗ ಅಪ್ಪ, ಕಾಕಾ, ಮಾವ, ಟಿಕೆಟ್ ಮಾಡಿಸಿದ ಏಜೆಂಟು, ಎಲ್ಲರೂ ಸೇರಿ ಕಿವಿಯಲ್ಲಿ ಊದೋದು ಇಷ್ಟೇ: “ತಮ್ಮಾ, ಗೇಟಿನ ಮುಂದೇ ಕೂಡು. ಬ್ಯಾಗ್ ಬಿಟ್ಟು ಏಳಬ್ಯಾಡ. ಯಾರ ಕೂಡನೂ ಮಾತಾಡಬ್ಯಾಡ.” ಹುಡುಗ ಹಂಗೇ ಮಾಡ್ತಾನೆ. ಹನ್ನೆರಡು ತಾಸು ಜೋಳದ ಚೀಲದ ಹಾಗೆ ಕೂತು, ಕಾಲು ಬಾತು, ಕಣ್ಣು ಕೆಂಪಾಗಿ, ಮುಂದಿನ ವಿಮಾನ ಹತ್ತುತ್ತಾನೆ.

ಒಂದು ಸಲಹೆ ನಮ್ಮನ್ನ ಗಿರಾಕಿ ಮಾಡುತ್ತೆ, ಇನ್ನೊಂದು ಲಗೇಜ್ ಮಾಡುತ್ತೆ. ನನ್ನ ವಾದ ಇಷ್ಟೇ: ಲೇಓವರ್ ತಾಸುಗಳು ನಮ್ಮವು. ಏರ್‌ಲೈನಿನವಲ್ಲ, ಅಂಗಡಿಯವರದಲ್ಲ, ಕಂಪನಿಯದಂತೂ ಅಲ್ಲವೇ ಅಲ್ಲ. ಮತ್ತೆ, ಕಾಯೋ ಹೊತ್ತನ್ನ ಬಾಳಿಸೋದು ಹೇಗೆ ಅಂತ ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಮಂದಿಗೆ ಯಾವ ಟ್ರಾವೆಲ್ ಪತ್ರಿಕೆಯೂ ಕಲಿಸಬೇಕಾಗಿಲ್ಲ.

*

ಮೂರೂ ತಾಲೂಕಿನ ಹೆಸರು ಯಾಕೆ ಅಂದ್ರೆ, ನಾನು ಅಫಜಲಪುರ ತಾಲೂಕಿನವ, ಅವ್ವನ ತವರು ಆಳಂದ, ಅಕ್ಕನ್ನ ಕೊಟ್ಟಿದ್ದು ಜೇವರ್ಗಿಗೆ. ಈ ಮೂರೂ ಊರಿಗೆ ಒಂದು ಸಮಾನ ಅಂಶ ಇದೆ. ಮೂರು ತಾಲೂಕು ಕೇಂದ್ರಗಳಿಗೂ ರೈಲು ಬಂದಿಲ್ಲ. ಎಲ್ಲಿಗೆ ಹೋಗಬೇಕಂದ್ರೂ ಮೊದಲು ಕಲಬುರಗಿ ಬಸ್ ಹತ್ತಬೇಕು. ಆಳಂದ, ಜೇವರ್ಗಿಯಿಂದ 40 ಕಿಲೋಮೀಟರಿನ ಆಸುಪಾಸು, ಅಫಜಲಪುರದಿಂದ ಅದಕ್ಕಿಂತ ಹೆಚ್ಚು. ಆಮೇಲೆ ಹೈದರಾಬಾದ್ ಅಂದ್ರೆ ಮತ್ತೆ 200 ಕಿಲೋಮೀಟರಿನ ಮೇಲೆ, ಬೆಂಗಳೂರು ಅಂದ್ರೆ 550ರ ಮೇಲೆ.

ಬೆಂಗಳೂರಿನ ಗೆಳೆಯರಿಗೆ ವಿದೇಶ ಪ್ರಯಾಣ ದೇವನಹಳ್ಳಿಯಿಂದ ಶುರು. ನಮ್ಮದು ಹೀಗೆ ನೋಡಿ. ಕಲಬುರಗಿ-ಬೆಂಗಳೂರು ವಂದೇ ಭಾರತ್ 2024ರ ಮಾರ್ಚಿನಲ್ಲಿ ಶುರುವಾಯ್ತು, ಬಹಳ ಸಂತೋಷ. ಆದ್ರೆ ಅದು ಕಲಬುರಗಿ ಬಿಡೋದು ನಸುಕಿನಲ್ಲಿ. ಅದನ್ನ ಹಿಡೀಬೇಕಂದ್ರೆ ಹಿಂದಿನ ದಿನ ಸಂಜೆಯೇ ಊರು ಬಿಟ್ಟು ಕಲಬುರಗಿಯಲ್ಲಿ ಯಾರದಾದ್ರೂ ಮನೆಯಲ್ಲಿ ಮಲಗಬೇಕು. ಸುಮಾರು ಒಂಬತ್ತು ತಾಸು ಕೂತು ಮಧ್ಯಾಹ್ನ ಬೆಂಗಳೂರು. ಗಲ್ಫ್ ಕಡೆ ಹೋಗೋ ವಿಮಾನಗಳು ಎಷ್ಟೋ ಹೊರಡೋದು ಬೆಳಗಿನ ಜಾವ. ಅಂದ್ರೆ ಮೊದಲ ವಿಮಾನ ನೆಲ ಬಿಡೋ ಹೊತ್ತಿಗೆ ನಾವು ಮನೆ ಬಿಟ್ಟು ಮೂವತ್ತು ತಾಸು ದಾಟಿರುತ್ತೆ! ಟಿಕೆಟಿನ ಮೇಲೆ ಇದ್ಯಾವುದೂ ಇರಲ್ಲ. ಅಲ್ಲಿ ಬರೀ “ಒಂದು ನಿಲುಗಡೆ” ಅಂತ ಇರುತ್ತೆ.

“ಕಲಬುರಗಿಯಲ್ಲೇ ವಿಮಾನ ನಿಲ್ದಾಣ ಇದೆಯಲ್ಲ?” ಅಂತ ಕೇಳ್ತೀರಿ. ಇದೆ ಸ್ವಾಮಿ. ಶಂಕುಸ್ಥಾಪನೆ ಆಗಿದ್ದು 2008ರ ಜೂನ್‌ನಲ್ಲಿ, ಉದ್ಘಾಟನೆ ಆಗಿದ್ದು 2019ರ ನವೆಂಬರ್ 22ಕ್ಕೆ. ಹನ್ನೊಂದು ವರ್ಷದ ಲೇಓವರ್ :) ಆಮೇಲೆ ಬೆಂಗಳೂರಿಗೆ, ತಿರುಪತಿಗೆ, ದಿಲ್ಲಿ ಪಕ್ಕದ ಹಿಂಡನ್‌ಗೆ ವಿಮಾನ ಬಂದವು. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಇಟ್ಟಿದ್ದ ಸಹಾಯಧನ ಮೂರು ವರ್ಷದ್ದು. ಅದು ಮುಗಿದ ಮೇಲೆ ಹಾರಿಸೋದು ಬಿಡೋದು ಏರ್‌ಲೈನಿನ ಮರ್ಜಿ. ಅಂಥ ವಿಮಾನ ನಂಬಿ ಮುಂದಿನ ಅಂತರರಾಷ್ಟ್ರೀಯ ಟಿಕೆಟ್ ಜೋಡಿಸೋಕೆ ನಮ್ಮ ಕಡೆ ಯಾರಿಗೂ ಧೈರ್ಯ ಇಲ್ಲ. ಹಂಗಾಗಿ ಬಸ್ಸು, ರೈಲೇ ಗತಿ.

ಈಗ ಕಲಬುರಗಿ ಕೇಂದ್ರ ಬಸ್ ನಿಲ್ದಾಣಕ್ಕೆ ಬನ್ನಿ. ಅಲ್ಲಿ ಕಾಯೋರನ್ನ ನೋಡಿ. ಬಸ್ಸಿಗೆ ಮೂರು ತಾಸು ಇದೆ ಅಂತ ಗೊತ್ತಾದ ಕೂಡಲೇ ನಮ್ಮ ಮಂದಿ ತಲೆ ಮೇಲೆ ಕೈ ಹೊತ್ತು ಕೂಡಲ್ಲ. ಒಬ್ಬರು ಗಂಟು ಕಾಯೋಕೆ ಕೂತ್ರೆ ಉಳಿದವರು ಶರಣಬಸವೇಶ್ವರ ಗುಡಿಗೆ ಹೋಗಿ ಬರ್ತಾರೆ. ಬಂದೇನವಾಜ್ ದರ್ಗಾಕ್ಕೆ ಹೋಗಿ ಬರ್ತಾರೆ. ಮಾರ್ಕೆಟಿನಲ್ಲಿ ಸೀರೆಯ ದರ ಕೇಳ್ತಾರೆ, ತೊಗರಿ ರೇಟ್ ಎಷ್ಟಾಗಿದೆ ವಿಚಾರಿಸ್ತಾರೆ. ಬುತ್ತಿ ಬಿಚ್ಚಿದ್ರೆ ಪಕ್ಕದಲ್ಲಿ ಕೂತವರಿಗೆ “ಬರ್ರಿ, ಊಟ ಮಾಡ್ರಿ” ಅನ್ನದೆ ತುತ್ತು ಎತ್ತಲ್ಲ. ಹತ್ತು ನಿಮಿಷದಲ್ಲಿ ಪರಿಚಯ, ಅರ್ಧ ತಾಸಿನಲ್ಲಿ ಎಲ್ಲೋ ಒಂದು ಬೀಗತನದ ಎಳೆ ಸಿಕ್ಕೇ ಸಿಗುತ್ತೆ.

ನಮ್ಮ ತಾಲೂಕಿನ ದೇವಲ ಗಾಣಗಾಪುರ ನೋಡಿ. ಭೀಮಾ, ಅಮರ್ಜಾ ಸಂಗಮದ ಊರು. ಅಲ್ಲಿಗೆ ಬಂದವರು ಮಧ್ಯಾಹ್ನ ಜೋಳಿಗೆ ಹಿಡಿದು ಮಧುಕರಿ ಬೇಡ್ತಾರೆ. ಲಕ್ಷಾಧಿಪತಿ ಆದ್ರೂ ಐದು ಮನೆ ಮುಂದೆ ನಿಂತು ಬೇಡಿ ಉಣ್ಣಬೇಕು ಅನ್ನೋದು ಅಲ್ಲಿಯ ಪದ್ಧತಿ. ದಾರಿಯಲ್ಲಿ ಇರುವವ, ಕಾಯುತ್ತಿರುವವ ಅಂದ್ರೆ ಕಡಿಮೆಯವ ಅಲ್ಲ ಅನ್ನೋ ತಿಳಿವಳಿಕೆ ಅದರಲ್ಲಿದೆ. ಜೇವರ್ಗಿ ತಾಲೂಕಿನ ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರ ಹೆಸರು ಇವತ್ತಿಗೂ ಉಳಿದಿರೋದು ದಾಸೋಹದಿಂದ. ಬಂದವರು ಯಾರು, ಎಲ್ಲಿಯವರು ಅಂತ ಕೇಳದೆ ಉಣ್ಣಿಸಿದ್ದರಿಂದ.

ಇಷ್ಟೆಲ್ಲಾ ಗೊತ್ತಿರೋ ನಾವು ದೋಹಾದಲ್ಲೋ ದುಬೈಯಲ್ಲೋ ಇಳಿದ ಕೂಡಲೇ ಕಲ್ಲಾಗಿಬಿಡ್ತೀವಿ! ಯಾಕೆ?

*

ಮೊದಲು, ಈ ಹನ್ನೆರಡು ತಾಸು ಹುಟ್ಟಿದ್ದು ಎಲ್ಲಿಂದ ಅಂತ ನೋಡೋಣ. ಇದು ದೈವೇಚ್ಛೆ ಅಲ್ಲ.

ನೂರು ಊರಿನಿಂದ ಇನ್ನೊಂದು ನೂರು ಊರಿಗೆ ನೇರ ವಿಮಾನ ಹಾರಿಸಬೇಕಂದ್ರೆ ಹತ್ತು ಸಾವಿರ ಮಾರ್ಗ ಬೇಕು. ನಡುವೆ ಒಂದು ಊರು ಇಟ್ಟುಕೊಂಡ್ರೆ ಇನ್ನೂರು ಸಾಕು. ದುಬೈ, ದೋಹಾ, ಇಸ್ತಾಂಬುಲ್, ಸಿಂಗಪುರ ಬೆಳೆದಿದ್ದು ಈ ಲೆಕ್ಕದ ಮೇಲೆ. ನಮ್ಮ ವಾಡಿ ಜಂಕ್ಷನ್ನಿನದೂ ಇದೇ ಲೆಕ್ಕ. ಮುಂಬೈ, ಮದ್ರಾಸು, ಹೈದರಾಬಾದಿನ ಗಾಡಿಗಳು ಕೂಡೋ ಜಾಗ ಅಂತಲ್ವೇ ಅದಕ್ಕೆ ಹೆಸರು? ಏರ್‌ಲೈನುಗಳು ವಿಮಾನಗಳನ್ನ ಗುಂಪು ಗುಂಪಾಗಿ ಇಳಿಸಿ, ಎರಡು ಮೂರು ತಾಸಿನಲ್ಲಿ ಗುಂಪಾಗಿ ಹಾರಿಸ್ತಾವೆ. ಆ ಗುಂಪಿನಲ್ಲಿ ಸೀಟು ಸಿಕ್ಕವರಿಗೆ ಎರಡು ತಾಸಿನ ಲೇಓವರ್. ಆ ಸೀಟಿಗೆ ಬೇಡಿಕೆ ಜಾಸ್ತಿ, ರೇಟೂ ಜಾಸ್ತಿ. ಮುಂದಿನ ಗುಂಪಿಗೆ ದೂಡಲ್ಪಟ್ಟವರಿಗೆ ಹನ್ನೆರಡು, ಹದಿನಾಲ್ಕು ತಾಸು. ಅದು ಅಗ್ಗ. ಯಾಕಂದ್ರೆ ತನ್ನ ಹೊತ್ತಿಗೆ ಬೆಲೆ ಕಟ್ಟೋಕೆ ಆಗುವವ ಅದನ್ನ ಕೊಳ್ಳಲ್ಲ.

ಅಂದ್ರೆ ಉದ್ದನೆಯ ಲೇಓವರ್ ಅನ್ನೋದು ಬೋನಸ್ ಅಲ್ಲ. ಟಿಕೆಟಿನ ಒಂದು ಭಾಗಕ್ಕೆ ರೊಕ್ಕದ ಬದಲು ಹೊತ್ತು ಕೊಡ್ತಿದ್ದೀವಿ, ಅಷ್ಟೇ. ನಾನೇ ಕಿಸೆಯಿಂದ ಕೊಂಡಿದ್ರೆ ಪರವಾಗಿಲ್ಲ, ಹೊತ್ತು ಕೊಟ್ಟು ರೊಕ್ಕ ಉಳಿಸಿದೆ ಅನ್ನಬಹುದು. ಆದ್ರೆ ಆನ್‌ಸೈಟಿಗೆ ಕಳಿಸೋ ಕಂಪನಿ ಕೊಂಡಾಗ? ಹೊತ್ತು ಕೊಡೋದು ನಾನು, ರೊಕ್ಕ ಉಳಿಸೋದು ಅವರು!

ನಾನು ಕೆಲಸ ಮಾಡಿದ ಒಂದು ಕಂಪನಿ (ಹೆಸರು ಬ್ಯಾಡ, ನೀವು ಊಹಿಸೋಕೂ ಹೋಗಬೇಡಿ, ಎಲ್ಲಾ ಒಂದೇ ಥರ) ನನಗೆ ಹದಿನಾಲ್ಕು ತಾಸಿನ ಲೇಓವರ್ ಇರೋ ಟಿಕೆಟ್ ಮಾಡಿಸಿತ್ತು. ನಾಲ್ಕು ತಾಸಿನದು ಲಭ್ಯ ಇತ್ತು. ಕೇಳಿದ್ದಕ್ಕೆ ಟ್ರಾವೆಲ್ ಡೆಸ್ಕಿನಿಂದ ಬಂದ ಉತ್ತರ: “ಊರು ನೋಡೋಕೆ ಅವಕಾಶ ಅಂದ್ಕೊಳ್ಳಿ!” ಕೆಳಗೆ ನಗುಮುಖ. ಅದರ ಕೆಳಗೆ ಮ್ಯಾನೇಜರ್ ಮೇಲ್: “ಲೇಓವರ್ ಟೈಮಲ್ಲಿ ಒಂದು ಕಾಲ್ ಜಾಯಿನ್ ಆಗು.” ನನ್ನ ಒಂದೊಂದು ತಾಸಿಗೂ ಕ್ಲೈಂಟಿಗೆ ಡಾಲರಿನಲ್ಲಿ ಬಿಲ್ ಹಾಕೋ ಕಂಪನಿಗೆ, ಅದೇ ತಾಸು ವಿಮಾನ ನಿಲ್ದಾಣದಲ್ಲಿ ಪುಕ್ಸಟ್ಟೆ ಹೆಂಗಾಯ್ತು?

ಇನ್ನೂ ಒಂದು ಮಾತು. ಉದ್ದನೆಯ ಲೇಓವರ್‌ಗೆ ಕೆಲವು ಏರ್‌ಲೈನುಗಳೇ ಹೋಟೆಲ್, ಊಟ ಕೊಡ್ತಾವೆ. ಎಮಿರೇಟ್ಸ್‌ನಲ್ಲಿ ಅದಕ್ಕೆ ‘ದುಬೈ ಕನೆಕ್ಟ್’ ಅಂತ ಹೆಸರು. ಆದ್ರೆ ಅದು ಸಿಗೋದು ಅದಕ್ಕಿಂತ ಒಳ್ಳೆಯ ಕನೆಕ್ಷನ್ ಇಲ್ಲದಿದ್ದಾಗ, ಅದೂ ಮುಂಚೆಯೇ ಬುಕ್ ಮಾಡಿದ್ರೆ. ರೊಕ್ಕ ಉಳಿಸೋಕೆ ಅಂತ ಬೇಕಂತಲೇ ಉದ್ದನೆಯದನ್ನ ಆರಿಸಿದ್ರೆ ಆ ಸೌಲಭ್ಯಕ್ಕೂ ಕಲ್ಲು. ಹಾಸಿಗೆಯೂ ಇಲ್ಲ, ಊಟವೂ ಇಲ್ಲ, ಮೇಲಿಂದ ಕಾಲ್ ಬೇರೆ. ಹಂಗಾಗಿ ಟಿಕೆಟ್ ಆಗುವ ಮುಂಚೆಯೇ ಜಗಳ ಆಡಿ. “ನಾಲ್ಕು ತಾಸಿನದು ಇದೆ, ಅದನ್ನೇ ಕೊಡಿ. ಇಲ್ಲಾ ಹೋಟೆಲ್ ಕೊಡಿ” ಅಂತ ಮೇಲಿನಲ್ಲಿ ಬರೆದು ಕೇಳಿ. ಬಾಯಿಮಾತು ಬೇಡ. ನಮ್ಮ ಕಡೆ ಹುಡುಗರಿಗೆ ಕೇಳೋಕೆ ಸಂಕೋಚ, ಆನ್‌ಸೈಟ್ ಕೊಟ್ಟಿದ್ದೇ ದೊಡ್ಡ ಉಪಕಾರ ಅನ್ನೋ ಭಾವ. ಉಪಕಾರ ಗಿಪಕಾರ ಏನಿಲ್ಲ, ನೀವು ಹೋದ್ರೇನೇ ಅವರಿಗೆ ಬಿಲ್ಲು.

ವಿಮಾನವೇ ತಡವಾಗಿ ಲೇಓವರ್ ಉದ್ದ ಆದ್ರೆ ಅದು ಬೇರೆ ಪ್ರಶ್ನೆ. ಯುರೋಪಿಯನ್ ಯೂನಿಯನ್ನಿನ 2004ರ 261ನೇ ನಿಯಮದ ಪ್ರಕಾರ ಅಲ್ಲಿನ ನಿಲ್ದಾಣದಿಂದ ಹೊರಡೋ ವಿಮಾನ ತಾಸುಗಟ್ಟಲೆ ತಡವಾದ್ರೆ ಊಟ ಕೊಡಬೇಕು, ರಾತ್ರಿ ಉಳೀಬೇಕಾದ್ರೆ ಹೋಟೆಲ್ ಕೊಡಬೇಕು. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು ಲೆಕ್ಕಕ್ಕಿಲ್ಲ. ಕೌಂಟರಿಗೆ ಹೋಗಿ ಕೇಳಿದವರಿಗೆ ಸಿಗುತ್ತೆ. ಜೋಳದ ಚೀಲಕ್ಕೆ ಸಿಗಲ್ಲ.

*

ಇನ್ನು ಅಂಗಡಿಗಳು. ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ ತೆರೆದಿದ್ದು 1947ರಲ್ಲಿ, ಐರ್ಲೆಂಡಿನ ಶಾನನ್‌ನಲ್ಲಿ. ಅಟ್ಲಾಂಟಿಕ್ ದಾಟೋ ವಿಮಾನಗಳು ಎಣ್ಣೆ ತುಂಬಿಸ್ಕೊಳ್ಳೋಕೆ ಅಲ್ಲಿ ಇಳೀತಿದ್ವು, ಪ್ರಯಾಣಿಕರು ಕಾಯ್ತಿದ್ರು. ಅಂದ್ರೆ ಡ್ಯೂಟಿ ಫ್ರೀ ಹುಟ್ಟಿದ್ದೇ ಲೇಓವರ್ ಹೊಟ್ಟೆಯಲ್ಲಿ. ಈಗ ಉಲ್ಟಾ ಆಗಿದೆ. ಸೆಕ್ಯುರಿಟಿ ದಾಟಿದ ಕೂಡಲೇ ಗೇಟಿಗೆ ಹೋಗೋ ದಾರಿಯೇ ಅಂಗಡಿಯ ನಡುವೆ ಹಾವಿನಂತೆ ಸುತ್ತುತ್ತೆ. ಮಲಗೋಣ ಅಂದ್ರೆ ಕುರ್ಚಿಗಳ ನಡುವೆ ಕಬ್ಬಿಣದ ಕೈಗಳು. ಗೋಡೆಗೆ ಗಡಿಯಾರ ಹುಡುಕಬೇಕು. ಕಾಯೋ ಮನುಷ್ಯ ಕೂಡಬಾರದು, ಮಲಗಬಾರದು, ತಿರುಗ್ತಾ ಇರಬೇಕು, ತಿರುಗ್ತಾ ಕೊಳ್ಳಬೇಕು. ಸುಖವಾಗಿ ಕೂಡಬೇಕಂದ್ರೆ ಲೌಂಜು, ಅದಕ್ಕೆ ಕಾರ್ಡು.

ನಾನು ಲೌಂಜಿನ ವಿರೋಧಿ ಅಲ್ಲ. ಕಾರ್ಡ್ ಇದ್ರೆ ಹೋಗಿ, ಉಣ್ಣಿ. ಆದ್ರೆ “ಲೇಓವರ್ ಚೆನ್ನಾಗಿ ಕಳೆಯೋದು ಅಂದ್ರೆ ಲೌಂಜಿನಲ್ಲಿ ಕಳೆಯೋದು” ಅನ್ನೋ ಮಾತಿಗೆ ನನ್ನ ವಿರೋಧ. ಕಾರ್ಡ್ ನೋಡಿ ಉಣ್ಣಿಸೋದಕ್ಕೂ ದಾಸೋಹಕ್ಕೂ ಇರೋ ವ್ಯತ್ಯಾಸ ಗೊತ್ತಿರೋ ನೆಲದವರು ನಾವು.

ಊಟದ ಮಾತು ಬಂತಲ್ಲ, ಹೇಳಿಬಿಡ್ತೀನಿ. ಲೇಓವರ್‌ಗೆ ಕಟಕ ರೊಟ್ಟಿಗಿಂತ ಒಳ್ಳೆ ಆಹಾರ ಇನ್ನೂ ಯಾವ ದೇಶದವರೂ ಕಂಡುಹಿಡಿದಿಲ್ಲ. ಒಣಗಿದ್ದು, ಹಗುರ, ವಾರಗಟ್ಟಲೆ ಕೆಡಲ್ಲ, ಸೆಕ್ಯುರಿಟಿಯವರ ಯಂತ್ರಕ್ಕೂ ತಕರಾರಿಲ್ಲ. ಜೊತೆಗೆ ಶೇಂಗಾ ಹಿಂಡಿ. ಮೊಸರು, ಎಣ್ಣೆ ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ. 2006ರ ಆಗಸ್ಟಿನಲ್ಲಿ ಲಂಡನ್ನಿನ ಸಂಚು ಬಯಲಾದ ಮೇಲೆ ಬಂದ 100 ಮಿಲಿಲೀಟರ್ ನಿಯಮ ಎಷ್ಟೋ ಕಡೆ ಈಗಲೂ ಇದೆ. ಖಾಲಿ ಬಾಟಲಿ ಒಯ್ಯಿರಿ, ಒಳಗೆ ನಳದ ನೀರು ತುಂಬಿಸ್ಕೊಳ್ಳಿ. ರೊಟ್ಟಿ ಮುರಿಯೋ ಸಪ್ಪಳಕ್ಕೆ ಪಕ್ಕದವ ತಿರುಗಿ ನೋಡಿದ್ರೆ ನಾಚಿಕೆ ಪಡಬೇಡಿ, ಅವನಿಗೂ ಒಂದು ತುಂಡು ಕೊಡಿ. ಅಲ್ಲಿಂದ ಮಾತು ಶುರು.

*

ಹೊರಗೆ ಹೋಗೋದು ಹೆಂಗೆ? ಇದನ್ನ ಸರಿಯಾಗಿ ಹೇಳಬೇಕು, ಯಾಕಂದ್ರೆ ಆ ಬರಹಗಳು ಇಲ್ಲೇ ಕೈ ಕೊಡೋದು. “ಸಿಂಗಪುರದಲ್ಲಿ ಉಚಿತ ನಗರ ಪ್ರವಾಸ ಇದೆ, ಇಸ್ತಾಂಬುಲ್‌ನಲ್ಲೂ ಇದೆ” ಅಂತ ಬರೀತಾರೆ. ಇರೋದು ನಿಜ. ಆದ್ರೆ ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಅನ್ನೋ ಪ್ರಶ್ನೆಯೇ ಅಲ್ಲಿ ಬರಲ್ಲ. ಅವರಿಗೆ ಆ ಪ್ರಶ್ನೆ ಯಾವತ್ತೂ ಎದುರಾಗಿಲ್ಲ!

ನಮ್ಮ ಪಾಸ್‌ಪೋರ್ಟಿನ ಲೆಕ್ಕ ಬೇರೆ. ಸಿಂಗಪುರದಲ್ಲಿ ನಿಮ್ಮ ಹತ್ರ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಚಾಲ್ತಿಯ ವೀಸಾ ಇದ್ರೆ, ಷರತ್ತುಗಳ ಮೇಲೆ 96 ತಾಸು ವೀಸಾ ಇಲ್ಲದೆ ಹೊರಗೆ ಹೋಗಿ ಬರಬಹುದು. ಇಲ್ಲದಿದ್ರೆ ಮೊದಲೇ ವೀಸಾ ಮಾಡಿಸಬೇಕು. 2019ರಲ್ಲಿ ತೆರೆದ ಆ ನಲವತ್ತು ಮೀಟರ್ ಎತ್ತರದ ಜಲಪಾತ ಇರೋ ಜ್ಯುವೆಲ್ ಇಮಿಗ್ರೇಷನ್ ಆಚೆ ಇದೆ. ಒಳಗೇ ಉಳಿದವರಿಗೆ ಮೂರನೇ ಟರ್ಮಿನಲ್ಲಿನ ಚಿಟ್ಟೆಗಳ ತೋಟ, ಪುಕ್ಕಟೆ ಸಿನಿಮಾ ಥಿಯೇಟರ್ ಇದ್ದಾವೆ. ದುಬೈಯಲ್ಲಿ ಅಮೆರಿಕದ ವೀಸಾ ಇರೋ ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತೆ. ಇಲ್ಲದವರು 48 ಅಥವಾ 96 ತಾಸಿನ ಟ್ರಾನ್ಸಿಟ್ ವೀಸಾ ಏರ್‌ಲೈನ್ ಮೂಲಕ ಮುಂಚೆಯೇ ಮಾಡಿಸಬೇಕು. ಕತಾರ್ 2017ರಲ್ಲಿ ನಮಗೆ ವೀಸಾ ಮನ್ನಾ ಮಾಡಿತು, ಆದ್ರೆ ಹೋಟೆಲ್ ಬುಕಿಂಗ್‌ನಂಥ ಷರತ್ತುಗಳಿವೆ. ಎಲ್ಲವೂ ಬದಲಾಗ್ತಾ ಇರ್ತಾವೆ, ಹೊರಡೋ ವಾರದಲ್ಲಿ ಆಯಾ ಸರ್ಕಾರದ ತಾಣದಲ್ಲೇ ನೋಡಿ. ಏಜೆಂಟನ ಬಾಯಿಮಾತು ನಂಬಬೇಡಿ.

ಕಾಗದ ಸರಿ ಇದ್ರೆ ಖರ್ಚು ದೊಡ್ಡದಲ್ಲ. ದುಬೈಯಲ್ಲಿ ಮೆಟ್ರೋ ನಿಲ್ದಾಣದ ಬಾಗಿಲಿಗೇ ಬರುತ್ತೆ. ದೇರಾದಿಂದ ಬರ್ ದುಬೈಗೆ ಖಾಡಿ ದಾಟಿಸೋ ಹಳೇ ಥರದ ಮರದ ದೋಣಿ ‘ಅಬ್ರಾ’ಕ್ಕೆ ಒಂದು ದಿರ್ಹಮ್. ದೋಹಾದಲ್ಲಿ ಮೆಟ್ರೋ ಟಿಕೆಟ್ ಎರಡು ರಿಯಾಲ್. ಸೂಕ್ ವಾಕಿಫ್ ಹಳೇ ಪೇಟೆ ತಿರುಗಿ, ಕಡಲ ದಂಡೆಗೆ ನಡೆದು ಬರಬಹುದು. ಆ ಬುರ್ಜು ಈ ಬುರ್ಜು ಅಂತ ಟಿಕೆಟಿಗೆ ರೊಕ್ಕ ಸುರಿಯೋ ಗರಜಿಲ್ಲ.

“ವಿಮಾನ ತಪ್ಪಿದ್ರೆ?” ಅಂತ ಕಾಕಾ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹೆದರಿಕೆ ಅಲ್ಲ, ಲೆಕ್ಕ. ಲೇಓವರ್ ಹತ್ತು ತಾಸು ಅಂದ್ಕೊಳ್ಳಿ. ಇಳಿದು ಇಮಿಗ್ರೇಷನ್ ದಾಟೋಕೆ ಒಂದೂವರೆ ತಾಸು ಕಳೀರಿ. ವಿಮಾನ ಹೊರಡೋ ಮೂರು ತಾಸು ಮುಂಚೆ ನಿಲ್ದಾಣದ ಬಾಗಿಲಲ್ಲಿ ಇರಬೇಕು, ಅದನ್ನೂ ಕಳೀರಿ. ಹೋಗಿ ಬರೋ ದಾರಿಗೆ ಒಂದೂವರೆ. ಉಳಿದಿದ್ದು ನಾಲ್ಕು ತಾಸು. ನಾಲ್ಕು ತಾಸಿಗೆ ಒಂದು ಪೇಟೆ, ಒಂದು ಊಟ, ಒಂದು ನೀರಿನ ದಂಡೆ, ಅಷ್ಟೇ. ಆರು ತಾಸಿಗಿಂತ ಕಡಿಮೆ ಲೇಓವರ್ ಇದ್ರೆ ಹೊರಗೆ ಹೋಗಲೇಬೇಡಿ. ನಮ್ಮವರು ಬಂದೇನವಾಜಕ್ಕೆ ಹೋಗಿ ಬರೋವಾಗ ಇದೇ ಲೆಕ್ಕ ಬೆರಳಲ್ಲಿ ಮಾಡ್ತಾರೆ, ಎಕ್ಸೆಲ್ ಬೇಕಿಲ್ಲ.

“ಲಗೇಜ್?” ಮೊದಲ ಊರಿನಲ್ಲಿ ಚೆಕ್-ಇನ್ ಮಾಡುವಾಗ ಟ್ಯಾಗ್ ಮೇಲೆ ಕೊನೆಯ ಊರಿನ ಹೆಸರಿದೆಯಾ ನೋಡಿ. ಇದ್ರೆ ದೊಡ್ಡ ಪೆಟ್ಟಿಗೆ ಬಗ್ಗೆ ಚಿಂತೆ ಇಲ್ಲ. ಆದ್ರೆ ಎರಡು ಬೇರೆ ಬೇರೆ ಟಿಕೆಟ್, ಎರಡು ಪಿಎನ್ಆರ್ ಇದ್ರೆ ಹುಷಾರು. ಆಗ ಎಷ್ಟೋ ಸಲ ನೀವೇ ಇಮಿಗ್ರೇಷನ್ ದಾಟಿ, ಲಗೇಜ್ ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ವೀಸಾ ಇಲ್ಲ ಅಂದ್ರೆ ಮೊದಲ ವಿಮಾನ ಹತ್ತೋಕೇ ಬಿಡದೆ ಇರಬಹುದು. ಅಗ್ಗ ಅಂತ ಇಂಥ ಜೋಡಣೆ ಮಾಡಿಕೊಡೋ ಏಜೆಂಟರಿಗೆ ನಮ್ಮ ಕಡೆ ಬರ ಇಲ್ಲ. ರೊಕ್ಕ ಕೊಡೋ ಮುಂಚೆ “ಒಂದೇ ಪಿಎನ್ಆರ್ ಐತೇನ್ರಿ?” ಅಂತ ಒಂದೇ ಪ್ರಶ್ನೆ ಕೇಳಿ, ಸಾಕು.

*

ಈಗ ನಿಜವಾದ ಸಿಟ್ಟಿಗೆ ಬರ್ತೀನಿ. ಇದು ನಮ್ಮ ಮೇಲೆಯೇ, ಅಂದ್ರೆ ಲ್ಯಾಪ್‌ಟಾಪ್ ಬ್ಯಾಗಿನವರ ಮೇಲೆ.

ಗಲ್ಫಿನ ಯಾವುದೇ ದೊಡ್ಡ ನಿಲ್ದಾಣದಲ್ಲಿ ರಾತ್ರಿ ಹೊತ್ತು ತಿರುಗಿ ನೋಡಿ. ಗೇಟುಗಳ ಮುಂದೆ, ಗೋಡೆಗೆ ಒರಗಿ, ಚಪ್ಪಲಿ ತಲೆದಿಂಬು ಮಾಡ್ಕೊಂಡು ಮಲಗಿರೋ ಮಂದಿ ಕಾಣ್ತಾರೆ. ಗಾರೆ ಕೆಲಸದವರು, ಡ್ರೈವರುಗಳು, ಮನೆಗೆಲಸಕ್ಕೆ ಹೊರಟ ಹೆಣ್ಣುಮಕ್ಕಳು. ಹತ್ತನೇ ತರಗತಿ ಪಾಸಾಗದವರಿಗೆ ನಮ್ಮಲ್ಲಿ ಕೊಡೋದು ಇಸಿಆರ್ ಪಾಸ್‌ಪೋರ್ಟ್. 1983ರ ವಲಸೆ ಕಾಯ್ದೆಯಿಂದ ಬಂದ ಪದ್ಧತಿ ಅದು. ಗಲ್ಫ್ ಸೇರಿ 18 ದೇಶಕ್ಕೆ ದುಡಿಯೋಕೆ ಹೋಗಬೇಕಂದ್ರೆ ಸರ್ಕಾರದ ಪರವಾನಗಿ ಬೇಕು. ಇವರಿಗೆ ಲೇಓವರ್ ಅಂದ್ರೆ ಊರು ನೋಡೋ ಅವಕಾಶ ಅಲ್ಲ. ಅರಬ್ಬಿ ಬರಲ್ಲ, ಇಂಗ್ಲಿಷ್ ಬರಲ್ಲ, ಅನೌನ್ಸ್‌ಮೆಂಟ್ ಎರಡರಲ್ಲೇ ಬರುತ್ತೆ. ಗೇಟು ಬದಲಾದ್ರೆ ಬೋರ್ಡಿನ ಮೇಲೆ ಒಂದು ಸಾಲು ಬದಲಾಗುತ್ತೆ, ಅಷ್ಟೇ.

ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಮೆಹ್ರಾನ್ ಕರೀಮಿ ನಾಸೆರಿ ಅನ್ನೋ ಇರಾನಿ ಮನುಷ್ಯ 1988ರಿಂದ 2006ರ ತನಕ ಇದ್ದ. ಕಾಗದಪತ್ರ ಇಲ್ಲದೆ ಸಿಕ್ಕಿಬಿದ್ದದ್ದು. 2022ರಲ್ಲಿ ಮತ್ತೆ ಅದೇ ನಿಲ್ದಾಣದಲ್ಲೇ ತೀರಿಕೊಂಡ. ಟಾಮ್ ಹ್ಯಾಂಕ್ಸ್ ಸಿನಿಮಾ ನೋಡಿ ನಾವು ನಕ್ಕಿದ್ದೇ ನಕ್ಕಿದ್ದು. ಲೇಓವರ್ ತಮಾಷೆ ಆಗೋದು ಕೈಯಲ್ಲಿ ಕಾಗದ ಗಟ್ಟಿ ಇದ್ದವರಿಗೆ ಮಾತ್ರ.

ಒಂದು ಸಲ ಇಂಥದೇ ಒಂದು ನಿಲ್ದಾಣದಲ್ಲಿ ಖಾಲಿ ಗೇಟಿನ ಮುಂದೆ ಒಬ್ಬರೇ ಕೂತಿದ್ರು. ಫೋನಿನಲ್ಲಿ “ಇಲ್ಲೇ ಕುಂತೀನವ್ವಾ, ಇನ್ನಾ ಯಾರೂ ಬಂದಿಲ್ಲ” ಅಂತಿದ್ದದ್ದು ಕೇಳಿಸ್ತು. ಕಿವಿ ನಿಮಿರಿತು. ಹತ್ರ ಹೋದೆ.

“ಅಣ್ಣಾರ, ಯಾವೂರ್ರಿ ನಿಮ್ದು?”

“ಜೇವರ್ಗಿ ಕಡೀರಿ. ನಿಮ್ದ್ರಿ?”

“ಅಫಜಲಪುರ್ರಿ. ಎಲ್ಲಿಗಿ ಹೊಂಟೀರಿ?”

ಬೋರ್ಡಿಂಗ್ ಪಾಸ್ ತೋರಿಸಿದ್ರು. ಗೇಟ್ ಬದಲಾಗಿ ಒಂದು ತಾಸು ಆಗಿತ್ತು. ಹೊಸ ಗೇಟು ಕಟ್ಟಡದ ಆ ತುದಿಗೆ. ಇಬ್ಬರೂ ದಪದಪ ನಡೆದು ಹೋದ್ವಿ, ಬೋರ್ಡಿಂಗ್ ಆಗಲೇ ಶುರುವಾಗಿತ್ತು. “ಅಲ್ಲಿ ಭಾಳ ಮಂದಿ ನಮ್ಮವ್ರು ಕುಂತಿದ್ರಿ, ಕೇಳ್ಬೇಕಂದ್ರ ಎಲ್ಲಾರ ಕಿವ್ಯಾಗೂ ಏನೋ ಇಟ್ಕೊಂಡಿದ್ರು” ಅಂದ್ರು ಅವರು. ಬೈಗುಳ ಅಲ್ಲ ಅದು, ಕಂಡದ್ದು ಹೇಳಿದ್ರು. ನನಗೆ ಬೈಗುಳದ ಹಾಗೇ ಕೇಳಿಸ್ತು.

ಆ ವಿಮಾನ ತಪ್ಪಿದ್ರೆ ಏನಾಗ್ತಿತ್ತು? ನಮಗಾದ್ರೆ ಟ್ರಾವೆಲ್ ಡೆಸ್ಕಿಗೆ ಒಂದು ಫೋನು. ಅವರಿಗೆ ಸಾಲ ಮಾಡಿ ಕೊಂಡ ಟಿಕೆಟು, ಆ ಕಡೆ ಕರಕೊಳ್ಳೋಕೆ ಬಂದು ನಿಂತ ಮಾಲೀಕನ ಮನುಷ್ಯ, ಈ ಕಡೆ ಫೋನ್ ಹಿಡಿದು ಕೂತ ಅವ್ವ. ಇಷ್ಟೆಲ್ಲಾ ನಿಂತಿದ್ದು ಯಾರಾದ್ರೂ ಒಬ್ಬರು “ಯಾವೂರ್ರಿ?” ಅಂತ ಕೇಳ್ತಾರಾ ಇಲ್ವಾ ಅನ್ನೋದರ ಮೇಲೆ.

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದೋಕೆ ಬರದವರು ಪಕ್ಕದವರನ್ನ ಕೇಳ್ತಾರೆ, ಪಕ್ಕದವರು ಬಸ್ಸಿನ ತನಕ ಬಂದು ಹತ್ತಿಸಿ ಹೋಗ್ತಾರೆ. ಅದಕ್ಕೆ ಯಾರೂ ಸಮಾಜಸೇವೆ ಅಂತ ಹೆಸರಿಟ್ಟಿಲ್ಲ. ಅದೇ ಊರಿನ ಹುಡುಗ ಇಂಜಿನಿಯರ್ ಆಗಿ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಪಕ್ಕದಲ್ಲಿ ಕನ್ನಡವೋ ದಖನಿಯೋ ಕೇಳಿಸಿದ್ರೂ ಕೇಳಿಸದ ಹಾಗೆ ಮುಖ ತಿರುಗಿಸ್ತಾನಲ್ಲ, ಅವನಿಗೆ ಯಾವ ಊರು ನೋಡೋ ಅರ್ಹತೆ ಇದೆ ಹೇಳಿ?

*

“ನಿದ್ದೆ ಮಾಡೋದೂ ತಪ್ಪಾ ಮಹರಾಯಾ?” ಅಂತ ಕೇಳ್ತೀರೇನೋ. ಖಂಡಿತಾ ತಪ್ಪಲ್ಲ. ಮೂವತ್ತು ತಾಸು ದಾರಿ ಸವೆಸಿ ಬಂದವನಿಗೆ ನಿದ್ದೆಯೇ ದೊಡ್ಡ ಊರು. ಫೋನಿನಲ್ಲಿ ಅಲಾರಂ ಇಟ್ಟು, ಬ್ಯಾಗಿನ ಪಟ್ಟಿ ಕೈಗೆ ಸುತ್ಕೊಂಡು ಮಲಗಿ. ದೋಹಾದಂಥ ಕಡೆ ಮಲಗೋಕೆ ಪುಕ್ಕಟೆ ಶಾಂತ ಕೋಣೆಗಳೇ ಇದ್ದಾವೆ. ಪುಸ್ತಕ ಓದಿ, ಬರೀರಿ, ಸುಮ್ಮನೆ ಕೂತು ವಿಮಾನ ಏರೋದು ಇಳಿಯೋದು ನೋಡಿ. ಏನೂ ಮಾಡದೆ ಇರೋಕೂ ನಿಮಗೆ ಹಕ್ಕಿದೆ. ಆ ಹಕ್ಕು ನಿಮ್ಮದು ಅನ್ನೋದೇ ನನ್ನ ವಾದ. ಹೆದರಿ ಕೂಡೋದು ಬೇರೆ, ಬೇಕಂತ ಕೂಡೋದು ಬೇರೆ. ಕಂಪನಿಯ ಲ್ಯಾಪ್‌ಟಾಪ್ ಮಾತ್ರ ತೆಗೀಬೇಡಿ. ತೆಗೆದ್ರೆ ಆ ತಾಸನ್ನ ಟೈಮ್‌ಶೀಟಿನಲ್ಲಿ ಬರೀರಿ. ಬರೆಯೋಕೆ ಬಿಡಲ್ಲ ಅಂದ್ರೆ ಮುಚ್ಚಿಡಿ.

ಕೊನೆಗೆ ನಿಮ್ಮ ಹತ್ರ ಒಂದು ಕೋರಿಕೆ. ನಮ್ಮಲ್ಲಿ ವಿದೇಶದಲ್ಲಿರೋರು, ಹೋಗಿ ಬಂದವರು ಬಹಳ ಮಂದಿ ಇದ್ದೀರಿ. ಹೋಗಿ ಬಂದ ಮೇಲೆ ನಾವು ಬರೆಯೋದು ಐಫೆಲ್ ಟವರ್ ಬಗ್ಗೆ, ಹಿಮದ ಬಗ್ಗೆ. ಅದೂ ಬೇಕು. ಆದ್ರೆ ನೀವು ಇಳಿದು ಹತ್ತಿದ ನಿಲ್ದಾಣದ ಬಗ್ಗೆ ಒಂದು ಪುಟ ಬರೀರಿ, ಕನ್ನಡದಲ್ಲಿ. ಗೇಟ್ ಬೋರ್ಡ್ ಎಲ್ಲಿರುತ್ತೆ, ನೀರು ಎಲ್ಲಿ, ಮಲಗೋ ಜಾಗ ಎಲ್ಲಿ, ಪುಕ್ಕಟೆ ಫೋನ್ ಎಲ್ಲಿಂದ ಮಾಡಬಹುದು, ವೀಸಾಕ್ಕೆ ಏನು ಕೇಳಿದ್ರು, ನೀವು ಹೋದ ವರ್ಷ ಯಾವುದು. ಆಳಂದದಲ್ಲೋ ಜೇವರ್ಗಿಯಲ್ಲೋ ಒಬ್ಬ ತಂಗಿ ತನ್ನ ಅಣ್ಣನಿಗೆ ಅದನ್ನ ಫೋನಿನಲ್ಲಿ ಓದಿ ಹೇಳುವಷ್ಟು ಸರಳವಾಗಿ ಬರೀರಿ. ನಾನು ದೋಹಾದಿಂದ ಶುರು ಮಾಡ್ತೀನಿ, ಮುಂದಿನ ವಾರ.

ಮತ್ತೆ ದಯವಿಟ್ಟು, ಗೇಟಿನ ಮುಂದೆ ಕೂತಾಗ ಒಂದು ಕಿವಿಯಾದ್ರೂ ಖಾಲಿ ಇಡಿ.